ಒಳನಾಡಿನ ಊರಿಗೆ ಪ್ರವಾಸಿಗರನ್ನು ಕರೆಯುವ ಮುನ್ನ: ಕಾಸರಗೋಡಿನ ಸಣ್ಣ ಊರುಗಳಿಗೊಂದು ಮಾರ್ಗದರ್ಶಿ

"ನಮ್ಮ ಊರಲ್ಲೂ ನೋಡಲಿಕ್ಕೆ ಬೇಕಾದಷ್ಟು ಇದೆ. ಜನ ಬೇಕಲ ಕೋಟೆ ನೋಡಿ ಹಾಗೇ ತಿರುಗಿ ಹೋಗುತ್ತಾರೆ. ಅವರು ಇತ್ತ ಬರುವ ಹಾಗೆ ಮಾಡುವುದು ಹೇಗೆ?" ಬದಿಯಡ್ಕ, ಪೆರ್ಲ, ಬಾಯಾರು, ಪೈವಳಿಕೆ, ಮುಳ್ಳೇರಿಯ, ಅಡೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಯುವಕ ಸಂಘದವರಿದ್ದಾರೆ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದವರಿದ್ದಾರೆ, ಅಡಿಕೆ ತೋಟದ ನಡುವೆ ಹಳೆಯ ದೊಡ್ಡ ಮನೆಯನ್ನು ಹೇಗೋ ಉಳಿಸಿಕೊಂಡು ಬಂದವರೂ ಇದ್ದಾರೆ.

ಬೇಕಲದ ಲೆಕ್ಕವೇ ಬೇರೆ. ಅಲ್ಲಿ ಕೋಟೆಯಿದೆ, ಕಡಲಿದೆ, 1995ರಿಂದ ಅದಕ್ಕೆಂದೇ ಒಂದು ಸರ್ಕಾರಿ ನಿಗಮವಿದೆ. ಒಳನಾಡಿನಲ್ಲಿ ಟಿಕೇಟು ಕೊಡುವ ಜಾಗವೇ ಇಲ್ಲ. ಇಲ್ಲಿ ನೋಡುವಂಥದ್ದೆಲ್ಲ ಯಾರದೋ ಮನೆಯ ಹಿತ್ತಿಲಲ್ಲೋ, ಅಂಗಳದಲ್ಲೋ, ಆರಾಧನೆಯ ಜಾಗದಲ್ಲೋ ಇರುತ್ತದೆ. ಹಾಗಾಗಿ ಜನರನ್ನು ಬರಿಸುವುದು ಹೇಗೆ ಎಂದು ಯೋಚಿಸುವ ಮೊದಲು, ಎಷ್ಟು ಜನ ಬರಬಹುದು, ಯಾವ ದಿನ, ಯಾರ ಅಂಗಳದವರೆಗೆ ಎಂಬುದನ್ನು ಊರವರೇ ಕೂತು ತೀರ್ಮಾನಿಸಬೇಕು. ಇದು ತೀರ್ಮಾನವಾಗದೆ ಜಾಹೀರಾತು ಹಾಕಿದ ಊರಿನಲ್ಲಿ ಎರಡನೇ ವರ್ಷಕ್ಕೇ ಜಗಳ ಏಳುತ್ತದೆ.

ಈ ಲೇಖನ ಒಂದು ಸಣ್ಣ ಗುರಿ ಇಟ್ಟುಕೊಂಡಿದೆ: ಬೆಳಗ್ಗೆ ಬಂದು ಸಂಜೆ ಮರಳುವ, ಹೆಚ್ಚೆಂದರೆ 12 ಅತಿಥಿಗಳ ಒಂದು ದಿನದ ಭೇಟಿ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರ ಇನ್ನೂ ಹತ್ತಿರ. ವಿಮಾನ, ರೈಲು, ಹೋಟೆಲು ಎಲ್ಲ ಮಂಗಳೂರಿನಲ್ಲೇ ಇರುವಾಗ ನೀವು ಮೊದಲ ದಿನವೇ ಸಾಲ ಮಾಡಿ ಕೋಣೆ ಕಟ್ಟಿಸಬೇಕಾಗಿಲ್ಲ. ತಯಾರಿಗೆ ಆರು ತಿಂಗಳು ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಗೆ ಶುರು ಮಾಡುವುದಾದರೆ ಮೇ ತಿಂಗಳಲ್ಲಿ ಮೊದಲ ಸಭೆ ಕೂಡಬೇಕು.

ಹಂತ 1: ತೋರಿಸಬಾರದ್ದರ ಪಟ್ಟಿ ಮೊದಲು

ಎಲ್ಲರೂ ತೋರಿಸುವುದರ ಪಟ್ಟಿಯಿಂದ ಶುರು ಮಾಡುತ್ತಾರೆ. ನೀವು ಅದನ್ನು ಆಮೇಲೆ ಮಾಡಿ. ಮೊದಲ ಸಭೆಯಲ್ಲಿ ಒಂದೇ ವಿಷಯ ಇರಲಿ: ನಮ್ಮಲ್ಲಿ ಯಾವುದು ಪ್ರವಾಸಿಗರಿಗಲ್ಲ? ಸಭೆಗೆ ಗುತ್ತಿನ ಮನೆಯ ಹಿರಿಯರು, ದೇವಸ್ಥಾನದ ಮತ್ತು ಮಸೀದಿಯ ಸಮಿತಿಯವರು, ಇಗರ್ಜಿ ಇದ್ದರೆ ಅಲ್ಲಿಯವರು, ವಾರ್ಡ್ ಸದಸ್ಯರು, ಮುಖ್ಯವಾಗಿ ಹೆಂಗಸರು ಬರಬೇಕು. ಬಂದವರಿಗೆ ಚಾ ಕಾಯಿಸುವುದರಿಂದ ಹಿಡಿದು ಶೌಚಾಲಯ ತೊಳೆಯುವವರೆಗಿನ ಕೆಲಸ ಕೊನೆಗೆ ಅವರ ಮೇಲೆಯೇ ಬೀಳುವುದು. ಅವರು ಒಪ್ಪದೆ ಇದು ನಡೆಯುವುದಿಲ್ಲ.

ಮೂರು ವಿಷಯಗಳನ್ನು ಎಲ್ಲ ಊರಿನವರೂ ಚರ್ಚಿಸಲೇಬೇಕು.

ಒಂದು, ದೈವದ ಕೋಲ. ಸಿನಿಮಾ ನೋಡಿ ಬಂದವರು ಮೊದಲು ಕೇಳುವುದೇ ಇದನ್ನು. ಕೋಲ ಎಂದರೆ ಪ್ರದರ್ಶನ ಅಲ್ಲ, ಹರಕೆ ಮತ್ತು ಆರಾಧನೆ. ಪ್ರವಾಸಿಗರಿಗಾಗಿ ಕಟ್ಟಿಸುವುದು, ಅರ್ಧ ಗಂಟೆಗೆ ಚುಟುಕಾಗಿ ಮಾಡಿಸುವುದು, ವೇಷ ಹಾಕಿಸಿ ಫೋಟೋಕ್ಕೆ ನಿಲ್ಲಿಸುವುದು ಬೇಡವೇ ಬೇಡ. ನಡಾವಳಿ ನಡೆಯುವ ದಿನ ಊರಿನ ಅತಿಥಿಯಾಗಿ ಬಂದು ದೂರದಲ್ಲಿ ಕೂತು ನೋಡಬಹುದೇ ಎಂಬುದನ್ನು ಆ ಸ್ಥಾನದವರೇ ಹೇಳಬೇಕು. ಹೌದೆಂದರೆ ಫ್ಲ್ಯಾಶ್ ಇಲ್ಲ, ಡ್ರೋನ್ ಇಲ್ಲ, ಅದಕ್ಕಾಗಿ ಹಣ ಪಡೆಯುವುದೂ ಇಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಕೋಲದ ದಿನಾಂಕವನ್ನು ಖಚಿತವಾಗಿ ಹಾಕಬೇಡಿ. ಸೂತಕ ಬಂದರೆ ಮುಂದೂಡುತ್ತಾರೆ, ಆಗ ಮುಂಗಡ ಕೊಟ್ಟವರಿಗೆ ಉತ್ತರ ಕೊಡಬೇಕಾದವರು ನೀವು. ಜಿಲ್ಲೆಯ ತೆಂಕು ಭಾಗದಲ್ಲಿ, ಹೊಸದುರ್ಗ ನೀಲೇಶ್ವರ ಕಡೆಯಲ್ಲಿ, ನಡೆಯುವ ತೆಯ್ಯಂಗೂ ಇದೇ ಮಾತು.

ಎರಡು, ಕೊರಗ ಸಮುದಾಯ. ಡೋಲು ಬಾರಿಸಿ, ಕುಣಿಯಿರಿ ಎಂದು ಅವರನ್ನು ಅತಿಥಿಗಳ ಮುಂದೆ ನಿಲ್ಲಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲಿಯೇ ತಡೆಯಿರಿ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ, ಅವಮಾನದ ಅಜಲು ಪದ್ಧತಿಯನ್ನು ಪಕ್ಕದ ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. ಅದನ್ನೇ ಪ್ರವಾಸದ ಹೆಸರಿನಲ್ಲಿ ಹಿಂದಿನ ಬಾಗಿಲಿನಿಂದ ತರುವುದು ಬೇಡ. ಬುಟ್ಟಿ ಹೆಣೆಯುವ ಕಸುಬನ್ನು ತೋರಿಸಲು ಅವರಿಗೇ ಮನಸ್ಸಿದ್ದರೆ ಜಾಗ, ಸಮಯ, ದರ ಮೂರನ್ನೂ ಅವರೇ ನಿಶ್ಚಯಿಸಲಿ.

ಮೂರು, ಎಂಡೋಸಲ್ಫಾನ್. ಎಣ್ಮಕಜೆ, ಬೆಳ್ಳೂರು, ಕಾರಡ್ಕ ಕಡೆಗೆ ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ. ಈ ಕೀಟನಾಶಕವನ್ನು ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಅದು 2000ದ ಇಸವಿಯ ಕೊನೆಗೆ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು, ಇಷ್ಟನ್ನು ಮಾರ್ಗದರ್ಶಿ ನೇರವಾಗಿ ಹೇಳಲಿ. ಸಂತ್ರಸ್ತರ ಮನೆಗೆ ಯಾರನ್ನೂ ಕರೆದುಕೊಂಡು ಹೋಗಬಾರದು. ಸಹಾಯ ಮಾಡುತ್ತೇವೆ ಎಂದವರಿಗೂ ಇದೇ ನಿಯಮ.

ಪಟ್ಟಿಯನ್ನು ಬರೆದು, ಸಹಿ ಹಾಕಿಸಿ, ಒಂದೊಂದು ಪ್ರತಿ ಎಲ್ಲರಿಗೂ ಕೊಡಿ. ಬಾಯಿಮಾತಿನ ಒಪ್ಪಂದಕ್ಕೆ ಮೊದಲ ದೊಡ್ಡ ಗುಂಪು ಬರುವವರೆಗೆ ಮಾತ್ರ ಆಯುಷ್ಯ.

ಹಂತ 2: ಇರುವುದರ ಪಟ್ಟಿ ಮತ್ತು ಊರಿನ ಪಂಚಾಂಗ

ಎರಡು ದಿನ ನಡೆದುಕೊಂಡೇ ಊರು ಸುತ್ತಿ. ಹೆಸರು ಮಾಡಿದ ತಾಣ ಒಂದು, ಹೆಸರಿಲ್ಲದವು ಮೂರು ಅಥವಾ ನಾಲ್ಕು ಸಿಕ್ಕಿದರೆ ಒಂದು ದಿನಕ್ಕೆ ಸಾಕು. ಹೆಸರು ಮಾಡಿದವು ನಿಮಗೆ ಗೊತ್ತೇ ಇವೆ: ಆನೆಯ ಬೆನ್ನಿನಾಕಾರದ ಮಾಡು (ಛಾವಣಿ) ಇರುವ ಮಧೂರು ದೇವಸ್ಥಾನ, ಕೆರೆಯ ನಡುವಿನ ಅನಂತಪುರ, ಎಡನೀರು ಮಠ, ಬೇಳದ ಇಗರ್ಜಿ, ಬಂಗ್ರ ಮಂಜೇಶ್ವರದ ಬಸದಿಗಳು, ಮಂಜೇಶ್ವರದಲ್ಲಿ ಗೋವಿಂದ ಪೈಯವರ ಮನೆ, ಪೊಸಡಿ ಗುಂಪೆ. ಹೆಸರಿಲ್ಲದವು ಎಂದರೆ ಸುರಂಗ (ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದ ಮಾಟೆ), ಮದಕ, ಕಟ್ಟ, ಹಳೆಯ ಪತ್ತಾಯ (ಧಾನ್ಯದ ಕಣಜ), ಗಾಣ, ಅಡಿಕೆ ಹಾಳೆಯ ಟೊಪ್ಪಿ ಮಾಡುವವರ ಜಗಲಿ, ತಾಳಮದ್ದಳೆ ಕೂಟ ನಡೆಯುವ ಚಾವಡಿ. ಗುಡ್ಡದ ನೀರು ತಡೆದು ಇಂಗಿಸುವ ಕೆರೆಗೆ ಮದಕ ಎನ್ನುತ್ತೇವೆ. ಹೊಳೆಗೋ ತೋಡಿಗೋ ವರ್ಷವರ್ಷ ಮಣ್ಣು ಕಲ್ಲಿನಿಂದ ಹಾಕುವ ತಾತ್ಕಾಲಿಕ ಅಡ್ಡಗಟ್ಟೆ ಕಟ್ಟ. ಇವು ಹೊರಗಿನಿಂದ ಬಂದವರಿಗೆ ಹೊಸ ವಿಷಯ, ನಮಗೆ ಮಾತ್ರ ಹಳತು.

ಒಂದೊಂದಕ್ಕೂ ಐದು ವಿಷಯ ಬರೆದಿಡಿ: ಯಾರ ಸ್ವಾಧೀನ, ಯಾರ ಒಪ್ಪಿಗೆ ಬೇಕು, ಒಮ್ಮೆಗೆ ಎಷ್ಟು ಜನ, ಯಾವ ತಿಂಗಳು, ಎಷ್ಟು ಹೊತ್ತು.

ತಿಂಗಳಿನ ಲೆಕ್ಕಕ್ಕೆ ಇಂಗ್ಲಿಷ್ ಕ್ಯಾಲೆಂಡರ್ ಒಂದೇ ಸಾಲದು. ಪತ್ತನಾಜೆಗೆ, ಎಂದರೆ ಬೇಶ ತಿಂಗಳ ಹತ್ತಕ್ಕೆ (ಮೇ 24ರ ಆಸುಪಾಸು), ಕೋಲವೂ ಮೇಳಗಳ ಬಯಲಾಟವೂ ನಿಲ್ಲುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಹೊತ್ತಿಗೆ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ, ಪತ್ರೊಡೆಯಿದೆ, ತೋಡು ತುಂಬಿರುತ್ತದೆ, ಆದರೆ ಗುಡ್ಡದ ದಾರಿ ಜಾರುತ್ತದೆ, ಸುರಂಗ ಅಪಾಯ. ಫೆಬ್ರವರಿ ಎರಡನೇ ವಾರದ ಕೆಡ್ಡಸದ ದಿನಗಳಲ್ಲಿ ಭೂಮಿಗೆ ಹಾರೆ ತಾಗಿಸುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಆ ದಿನ ಕೃಷಿ ಕೆಲಸ ತೋರಿಸುತ್ತೇವೆಂದು ಅಚ್ಚು ಹಾಕಿಸಿದರೆ ಊರ ಹಿರಿಯರು ಸುಮ್ಮನಿರುವುದಿಲ್ಲ. ಅಡಿಕೆ ಕೊಯ್ಲಿನ ಸಮಯವನ್ನೂ ಗುರುತು ಹಾಕಿ. ಆಗ ಅಂಗಳವಿಡೀ ಅಡಿಕೆ ಹರಡಿರುತ್ತದೆ, ಕೂರಿಸಲಿಕ್ಕೆ ಜಾಗವಿರುವುದಿಲ್ಲ.

ಇಷ್ಟೆಲ್ಲ ಕಳೆದರೆ ನಿಜವಾಗಿ ಕೈಗೆ ಸಿಗುವುದು ನವೆಂಬರಿನಿಂದ ಮಾರ್ಚ್‌ವರೆಗಿನ ಐದು ತಿಂಗಳು. ತಿಂಗಳಿಗೆ ನಾಲ್ಕು ಭೇಟಿ ಎಂದರೆ ವರ್ಷಕ್ಕೆ 20. ಅಷ್ಟಕ್ಕೇ ಯೋಜನೆ ಹಾಕಿ.

ಹಂತ 3: ನೀರು, ಶೌಚಾಲಯ, ದಾರಿ

ಈ ಹಂತವನ್ನು ಹಾರಿಸುವವರೇ ಹೆಚ್ಚು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆದರೂ ಏಪ್ರಿಲಿನಲ್ಲಿ ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿಗೆ ತತ್ವಾರ.

ಅಳೆಯುವ ಕ್ರಮ ಸುಲಭ. ಮಾರ್ಚ್ ಕೊನೆಗೆ 20 ಲೀಟರಿನ ಕೊಡವೋ ಬಕೆಟ್ಟೋ ತಂದು ಸುರಂಗದ ನೀರು ಹೊರಗೆ ಬೀಳುವ ದಂಬೆಯ (ಕೊಳವೆಯ) ಕೆಳಗಿಟ್ಟು ತುಂಬಲು ಎಷ್ಟು ನಿಮಿಷ ಬೇಕು ನೋಡಿ. ಹತ್ತು ನಿಮಿಷ ತಗಲಿದರೆ ಗಂಟೆಗೆ 120 ಲೀಟರ್, ದಿನಕ್ಕೆ 2,880 ಲೀಟರ್. ಇದರಲ್ಲಿ ಮನೆಗೂ ಹಟ್ಟಿಗೂ 1,200, ತೋಟಕ್ಕೆ 1,500 ಹೋದರೆ ಉಳಿಯುವುದು 180. ಒಂದು ಹಗಲಿನ ಅತಿಥಿಗೆ ಕುಡಿಯಲು, ಕೈಕಾಲು ತೊಳೆಯಲು, ಅಡುಗೆಗೆ, ಪಾತ್ರೆಗೆ, ಶೌಚಾಲಯಕ್ಕೆ ಎಲ್ಲ ಸೇರಿ 30 ಲೀಟರ್ ಹಿಡಿಯಿರಿ; 12 ಜನಕ್ಕೆ 360. ಎಂದರೆ ಆ ಮನೆಯವರು ಎರಡು ದಿನ ಮೊದಲೇ ಟ್ಯಾಂಕಿಯಲ್ಲಿ ಸಂಗ್ರಹಿಸಿಟ್ಟರೆ ಮಾತ್ರ ಸಾಧ್ಯ. ಅದೇ ಬಕೆಟ್ ತುಂಬಲು 20 ನಿಮಿಷ ಬೇಕಾದರೆ ಆ ಮನೆಯನ್ನು ಬೇಸಿಗೆಯ ಪಟ್ಟಿಯಿಂದ ತೆಗೆದುಬಿಡಿ. ಬಾವಿಯಾದರೆ ಸಂಜೆ ಮತ್ತು ಬೆಳಗ್ಗೆ ನೀರಿನ ಮಟ್ಟಕ್ಕೆ ಹಗ್ಗದಲ್ಲಿ ಗಂಟು ಹಾಕಿ ನೋಡಿ. ರಾತ್ರಿ ಪೂರ್ತಿ ಮೇಲೇರದ ಬಾವಿಗೆ ಹೊಸ ಹೊರೆ ಬೇಡ.

ಹನ್ನೆರಡು ಜನಕ್ಕೆ ಎರಡು ಶೌಚಾಲಯ ಬೇಕು, ಒಂದಾದರೂ ಮೆಟ್ಟಿಲಿಲ್ಲದ್ದಿರಲಿ. ಹೊಸದಾಗಿ ಕಟ್ಟಿಸುವುದಾದರೆ ಗುಂಡಿ ಎಲ್ಲಿ ಬರುತ್ತದೆ ಎಂದು ನೋಡಿ. ಮುರಕಲ್ಲು ತೂತುತೂತಾದ ಕಲ್ಲು, ಮೇಲಿನ ನೀರನ್ನು ಬೇಗ ಕೆಳಗಿಳಿಸುತ್ತದೆ. ಸುರಂಗದ ಅಥವಾ ಬಾವಿಯ ಮೇಲ್ಬದಿಯ ಗುಡ್ಡದಲ್ಲಿ ಗುಂಡಿ ತೋಡಿದರೆ ಎಲ್ಲಿಗೆ ಇಳಿಯುತ್ತದೆಂದು ಬೇರೆ ಹೇಳಬೇಕಿಲ್ಲ.

ದಾರಿಯ ವಿಷಯ: ದೊಡ್ಡ ಟೂರಿಸ್ಟ್ ಬಸ್ಸು ಬೇಡವೆಂದು ಮೊದಲೇ ತಿಳಿಸಿಬಿಡಿ. ವ್ಯಾನನ್ನು ಪೇಟೆಯಲ್ಲೇ ನಿಲ್ಲಿಸಿ ಊರಿನ ಜೀಪು, ಆಟೋಗಳಲ್ಲಿ ಒಳಗೆ ಕರೆದುಕೊಂಡು ಬಂದರೆ ದಾರಿಯೂ ಉಳಿಯುತ್ತದೆ, ಬಾಡಿಗೆಯೂ ಊರಲ್ಲೇ ಉಳಿಯುತ್ತದೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಕಾಡಾನೆಯ ಉಪದ್ರವ ಇರುವುದರಿಂದ ಸಂಜೆ ಐದಕ್ಕೇ ಕಾರ್ಯಕ್ರಮ ಮುಗಿಯಬೇಕು. ರಕ್ಷಿತಾರಣ್ಯದೊಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, "ನಾವು ದಿನಾ ನಡೆಯುವ ದಾರಿ" ಎಂಬ ಉತ್ತರ ನಡೆಯುವುದಿಲ್ಲ.

ಹಂತ 4: ಸಂಘ ಮತ್ತು ಕಾಗದಪತ್ರ

ಹಣ ಬರುವ ಮೊದಲೇ ಸಂಘ ಆಗಬೇಕು. ಕುಟುಂಬಶ್ರೀಯ ಘಟಕವೇ ಮುಂದೆ ಬಂದರೆ ಅದರಷ್ಟು ಒಳ್ಳೆಯದಿಲ್ಲ, ಲೆಕ್ಕ ಬರೆಯುವ ಅಭ್ಯಾಸ ಅಲ್ಲಿ ಮೊದಲೇ ಇದೆ. ಬೇರೆಯೇ ಸಂಘ ಮಾಡುವುದಾದರೆ ಕನಿಷ್ಠ ಏಳು ಜನ ಸೇರಿ ನೋಂದಣಿ ಮಾಡಿಸಬಹುದು. ಇಲ್ಲಿ ಒಂದು ಎಡವಟ್ಟು ಸಾಮಾನ್ಯ: ತಿರುವನಂತಪುರ ಕಡೆಯ ಸ್ನೇಹಿತರಿಂದ ತರಿಸಿದ ಬೈಲಾದ ಮಾದರಿಯಲ್ಲಿ 1955ರ ತಿರುವಾಂಕೂರು–ಕೊಚ್ಚಿ ಕಾಯ್ದೆಯ ಹೆಸರಿರುತ್ತದೆ. ಹಿಂದಿನ ಮಲಬಾರು, ದಕ್ಷಿಣ ಕನ್ನಡದ ಭಾಗವಾಗಿದ್ದ ನಮ್ಮ ಕಡೆಗೆ ಅನ್ವಯಿಸುವುದು 1860ರ ಸಂಘ ನೋಂದಣಿ ಕಾಯ್ದೆ. ಅದನ್ನು ತಿದ್ದದೆ ಕೊಟ್ಟ ಅರ್ಜಿ ವಾಪಸು ಬರುತ್ತದೆ.

ಬ್ಯಾಂಕ್ ಖಾತೆಗೆ ಮೂವರಲ್ಲಿ ಇಬ್ಬರ ಸಹಿ, ಅವರು ಒಂದೇ ಮನೆಯವರಾಗಿರಬಾರದು.

ಪಂಚಾಯತಿಗೆ ಲಿಖಿತವಾಗಿ ತಿಳಿಸಿ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಇಲ್ಲಿಯ ಭಾಷಾ ಅಲ್ಪಸಂಖ್ಯಾತರಿಗೆ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಿಂದಲೇ ಇದೆ, ಬಿಟ್ಟುಕೊಡಬೇಡಿ. ಆದರೆ ಕಡತ ಬೇಗ ಸರಿಯಬೇಕೆಂದಿದ್ದರೆ ಜೊತೆಗೆ ಒಂದು ಪುಟದ ಮಲಯಾಳ ಸಾರಾಂಶ ಲಗತ್ತಿಸಿ. ಹಕ್ಕು ಹಕ್ಕೇ, ಕೆಲಸ ಕೆಲಸವೇ.

ಕೇರಳದ ಜವಾಬ್ದಾರಿ ಪ್ರವಾಸೋದ್ಯಮ ಮಿಷನ್ 2017ರಲ್ಲಿ ಶುರುವಾದದ್ದು. ಊರವರೇ ನಡೆಸುವ, ಲಾಭ ಊರಲ್ಲೇ ಉಳಿಯುವ ಪ್ರವಾಸಕ್ಕೆ ಸರ್ಕಾರ ಇಟ್ಟ ಹೆಸರು ಅದು. ಅಡುಗೆಯವರು, ಕಸುಬಿನವರು, ಕಲಾವಿದರು, ವಾಹನದವರು ಅಲ್ಲಿ ಹೆಸರು ನೋಂದಾಯಿಸಬಹುದು. ನೋಂದಣಿಯಾದ ಕೂಡಲೇ ಅತಿಥಿಗಳು ಬಂದು ನಿಲ್ಲುತ್ತಾರೆಂದು ಎಣಿಸಬೇಡಿ, ತರಬೇತಿಗೆ ಮತ್ತು ಗುರುತಿಗೆ ಅದು ಉಪಯೋಗ. ಅಡುಗೆ ಮಾಡಿ ಮಾರುವ ಮನೆಗೆ ಆಹಾರ ಸುರಕ್ಷಾ ಇಲಾಖೆಯ ಪ್ರಾಥಮಿಕ ನೋಂದಣಿ ಬೇಕು, ಸಣ್ಣ ವಹಿವಾಟಿಗೆ ದೊಡ್ಡ ಲೈಸೆನ್ಸ್ ಬೇಕಾಗುವುದಿಲ್ಲ. ಒಂದು ವಿಮೆ ಮಾಡಿಸಿ. ಅತಿಥಿಗೆ ಪೆಟ್ಟಾದರೆ ನಿಮ್ಮ ಮೇಲೆ ಬರುವ ಪರಿಹಾರವನ್ನು ಭರಿಸುವ ಸಾರ್ವಜನಿಕ ಹೊಣೆಯ ವಿಮೆಯೇ ಆಗಬೇಕು, ವಾಹನದ ವಿಮೆ ಇದಕ್ಕೆ ಸಾಲದು.

ಮುಂದೆ ಯಾರಾದರೂ ರಾತ್ರಿ ಉಳಿಸಿಕೊಳ್ಳಲು ಹೊರಟರೆ: ಹೋಂಸ್ಟೇ ಎಂದರೆ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಅತಿಥಿ ಕೋಣೆ ಆರಕ್ಕಿಂತ ಹೆಚ್ಚಿರಬಾರದು. ಕೇರಳ ಪ್ರವಾಸೋದ್ಯಮ ಇಲಾಖೆ ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ದರ್ಜೆ ಕೊಡುತ್ತದೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಲೇಬೇಕು. ಮೊದಲ ಎರಡು ವರ್ಷ ಇದಕ್ಕೆ ಕೈಹಾಕಬೇಡಿ ಎಂಬುದೇ ನಮ್ಮ ಸಲಹೆ.

ಹಂತ 5: ಸುರಂಗ ತೋರಿಸುವ ಕ್ರಮ

ಒಳನಾಡಿನ ದೊಡ್ಡ ಆಕರ್ಷಣೆಯೂ ದೊಡ್ಡ ಅಪಾಯವೂ ಇದೇ. ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿ ಹೋಗಬಹುದಾದ ಅಗಲದ ಮಾಟೆ. ಒಳಗೆ ಜಿನುಗುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಉದ್ದವನ್ನು ಕೊರೆಯುವವರು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲು ಸುಮಾರು ಎರಡೂವರೆ ಅಡಿ. ಬಾಯಾರು, ಪೈವಳಿಕೆ, ಪಡ್ರೆ ಕಡೆಗಳಲ್ಲಿ ಒಂದೇ ಹಿತ್ತಿಲಲ್ಲಿ ಎರಡು ಮೂರು ಸುರಂಗ ಇರುವುದೂ ಉಂಟು.

ಅತಿಥಿಗಳು ಒಳಗೆ ಹೋಗಬೇಕಾಗಿಲ್ಲ. ಹೊರಗಿನಿಂದಲೇ ಚೆನ್ನಾಗಿ ತೋರಿಸಬಹುದು. ಹಳಬರು ಕೊರೆಯುವಾಗ ಮಾಡುತ್ತಿದ್ದ ಹಾಗೆ ಬಾಯಿಯ ಎದುರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿ. ಎರಡು ಅಡಿ ಎತ್ತರದ ಕನ್ನಡಿ ಸಾಕು, ಹತ್ತು ಹದಿನೈದು ಕೋಲು ದೂರದ ಗೋಡೆ ಕಾಣುತ್ತದೆ. ಬಿಸಿಲು ಬಾಯಿಯ ಎದುರಿಗೆ ಬೀಳುವ ಹೊತ್ತು ಯಾವುದೆಂದು ಮುಂಚೆಯೇ ನೋಡಿಟ್ಟುಕೊಂಡು ಅದಕ್ಕೆ ಸರಿಯಾಗಿ ದಿನದ ಕಾರ್ಯಕ್ರಮ ಜೋಡಿಸಿ.

ಇಷ್ಟಾದರೂ ಒಳಗೆ ಹೋಗಿಯೇ ಸಿದ್ಧ ಎನ್ನುವವರಿಗೆ ಈ ನಿಯಮಗಳು:

ಜೂನಿನಿಂದ ನವೆಂಬರ್ ಮಧ್ಯದವರೆಗೆ ಯಾರೂ ಒಳಗಿಲ್ಲ. ಮಳೆ ನಿಂತರೂ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಮುರಕಲ್ಲು ಗಟ್ಟಿ ನಿಂತರೂ ಅದರಡಿಯ ಜೇಡಿ ಪದರ ಕುಸಿಯುತ್ತದೆ.

ಹಗಲ ಬೆಳಕು ಕಾಣುವ ದೂರ ದಾಟಬಾರದು. ಒಮ್ಮೆಗೆ ಇಬ್ಬರು, ಅವರ ಮುಂದೆ ಆ ಸುರಂಗ ತಿಳಿದ ಮನೆಯವರೊಬ್ಬರು, ಹೊರಗೆ ಇನ್ನೊಬ್ಬರು.

ಮುಂದೆ ಹೋಗುವವರ ಕೈಯಲ್ಲಿ ಉರಿಯುವ ಮೇಣದ ಬತ್ತಿ ಇರಬೇಕು. ಜ್ವಾಲೆ ಕುಗ್ಗಿದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದರ್ಥ, ಆ ಕ್ಷಣ ಹಿಂದೆ ಬರಬೇಕು. ಮೊಬೈಲಿನ ಟಾರ್ಚು ಗಾಳಿ ಇಲ್ಲದಲ್ಲೂ ಚೆನ್ನಾಗಿಯೇ ಉರಿಯುತ್ತದೆ, ಅದನ್ನು ನಂಬಿ ಹೋಗಬಾರದು.

ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಅದು ಆ ಮನೆಯವರು ಕುಡಿಯುವ ನೀರು.

"ಕುಡಿಯುವ ನೀರು ಹಾಳಾಗುವುದು ಬೇಡ, ಬಿಟ್ಟುಹಾಕಿದ ಹಳೆಯ ಸುರಂಗ ತೋರಿಸೋಣ" ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಇದರಷ್ಟು ಕೆಟ್ಟ ಉಪಾಯ ಇನ್ನೊಂದಿಲ್ಲ. ಉಪಯೋಗದಲ್ಲಿಲ್ಲದ ಸುರಂಗದಲ್ಲಿ ಕುಸಿತ ಎಲ್ಲಾಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಗಾಳಿ ಆಡುವುದಿಲ್ಲ, ಬಾವಲಿ ಹಾವುಗಳಿಗೆ ಅದೇ ಮನೆ. ಅಂಥವುಗಳ ಬಾಯಿಗೆ ಬೇಲಿ ಹಾಕಿ.

ಹಂತ 6: ಆಟ, ಕೂಟ

ತೆಂಕುತಿಟ್ಟಿನ ಯಕ್ಷಗಾನಕ್ಕೆ ಕುಂಬಳೆ ತವರು, ಪಾರ್ತಿಸುಬ್ಬನ ಊರು. ಆದರೂ ಹಗಲು ಭೇಟಿಗೆ ವೇಷದ ಆಟಕ್ಕಿಂತ ತಾಳಮದ್ದಳೆ ಸರಿ: ವೇಷಭೂಷಣ ಇಲ್ಲ, ರಂಗಸ್ಥಳ ಬೇಡ, ಚಾವಡಿ ಸಾಕು, ಐದು ಜನರಲ್ಲಿ ಮುಗಿಯುತ್ತದೆ. ಹಾಡುವ ಭಾಗವತರು, ಮದ್ದಳೆ, ಚೆಂಡೆ, ಪಾತ್ರದ ಮಾತಾಡುವ ಇಬ್ಬರು ಅರ್ಥಧಾರಿಗಳು.

ಗೊತ್ತಿಲ್ಲದವರಿಗೆ ಮೂರು ಗಂಟೆ ಕೂರಿಸಬೇಡಿ, 50 ನಿಮಿಷ ಸಾಕು. ವಾಲಿ–ರಾಮರ ಸಂವಾದದಂಥ, ಎರಡು ಕಡೆಯೂ ವಾದಕ್ಕೆ ಬಲವಿರುವ ಭಾಗ ಆರಿಸಿಕೊಳ್ಳಲು ಭಾಗವತರನ್ನೇ ಕೇಳಿ. ಶುರುವಿಗೆ ಐದು ನಿಮಿಷ ಕಥೆಯ ಸಂದರ್ಭ ಹೇಳಿ, ಕೊನೆಗೆ ಹತ್ತು ನಿಮಿಷ ಪ್ರಶ್ನೆಗೆ ಬಿಡಿ. ಅರ್ಥಧಾರಿಗಳು ಬರೆದದ್ದನ್ನು ಓದುತ್ತಿಲ್ಲ, ಆ ಕ್ಷಣಕ್ಕೆ ಕಟ್ಟಿ ಮಾತಾಡುತ್ತಿದ್ದಾರೆ ಎಂಬುದನ್ನು ಮೊದಲೇ ಹೇಳದಿದ್ದರೆ ಹೊರಗಿನವರಿಗೆ ಅರ್ಧ ಸ್ವಾರಸ್ಯ ತಪ್ಪಿ ಹೋಗುತ್ತದೆ.

ವೇಷವೇ ಬೇಕೆಂದು ಕೇಳುವವರಿಗೆ ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಕೆಲಸವನ್ನೇ ಪ್ರತ್ಯೇಕ ಕಾರ್ಯಕ್ರಮವಾಗಿ ಇಡಿ. ಬಣ್ಣದ ವೇಷದ ಮುಖಕ್ಕೆ ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಚಿಟ್ಟಿ ಇಡುವುದು ಗಂಟೆಗಟ್ಟಲೆಯ ಕೆಲಸ, ನೋಡಲಿಕ್ಕೆ ಅದೇ ಒಂದು ಆಟ. ಹಿಂದಿನ ರಾತ್ರಿ ಬೆಳಗಿನವರೆಗೆ ಕುಣಿದ ಕಲಾವಿದರನ್ನು ಮರುದಿನ ಹತ್ತು ಗಂಟೆಗೆ ಕರೆಯಬೇಡಿ. ಸಂಭಾವನೆ ಅಂದೇ, ಕವರಿನಲ್ಲಿ, ಎಲೆ ಅಡಿಕೆಯೊಂದಿಗೆ. "ನಿಮ್ಮ ಕಲೆಗೆ ಪ್ರಚಾರ ಸಿಗುತ್ತದೆ" ಎಂಬ ಮಾತನ್ನು ಯಾವ ಕಲಾವಿದನಿಗೂ ಹೇಳಬಾರದು.

ಹಂತ 7: ಊಟ

ನಿಮ್ಮ ಮನೆಯಲ್ಲಿ ಆ ತಿಂಗಳು ಮಾಡುವುದನ್ನೇ ಬಡಿಸಿ. ಬೆಳಗ್ಗೆ ನೀರುದೋಸೆ ಅಥವಾ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು); ಮಧ್ಯಾಹ್ನ ಕುಚ್ಚಿಲಕ್ಕಿ ಅನ್ನ, ತಂಬುಳಿ, ಮೇಲಾರ, ಪಲ್ಯ, ಹಲಸಿನ ಹಪ್ಪಳ; ಕುಡಿಯಲು ಪುನರ್ಪುಳಿ. ಮೀನಿನ ಮನೆಯಾದರೆ ಬೂತಾಯಿ ಸಾರು. ಪನೀರು ಮಸಾಲೆ, ಗೋಬಿ ಬೇಡ, ಅದಕ್ಕೆ ಅವರು ಇಷ್ಟು ದೂರ ಬರಬೇಕಾಗಿಲ್ಲ. ಕುಚ್ಚಿಲಕ್ಕಿ ಅಭ್ಯಾಸವಿಲ್ಲದವರಿಗೆ ಒಂದು ಪಾವು ಬೆಳ್ತಿಗೆ ಅಕ್ಕಿ ಬೇರೆ ಇಟ್ಟಿರಿ. ಬಾಳೆಲೆ ಇರುವಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ತರಬೇಡಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಕೇರಳದಲ್ಲಿ 2020ರ ಜನವರಿಯಿಂದ ನಿಷೇಧವೂ ಇದೆ. ಅತಿಥಿಗಳು ತಂದ ನೀರಿನ ಬಾಟಲಿ ಅವರ ಜೊತೆಗೇ ಹಿಂದೆ ಹೋಗಲಿ. ಉಳಿದ ಒಣ ಕಸ ತೊಳೆದು ಒಣಗಿಸಿ ಪಂಚಾಯತಿಗಾಗಿ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಗೆ.

ಹಂತ 8: ಹಣದ ಲೆಕ್ಕ

ದರವನ್ನು ಪಕ್ಕದ ಊರಿನವರನ್ನು ನೋಡಿ ಇಡಬೇಡಿ, ಖರ್ಚಿನಿಂದ ಮೇಲಕ್ಕೆ ಕಟ್ಟುತ್ತಾ ಬನ್ನಿ. ಲೆಕ್ಕ ತಿಳಿಯಲಿಕ್ಕಾಗಿ ಒಂದು ಉದಾಹರಣೆ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ.

ತಲೆಗೆ 1,200 ರೂಪಾಯಿ, 12 ಜನ, ಒಟ್ಟು 14,400. ಇದರಲ್ಲಿ ತಿಂಡಿ, ಚಾ, ಊಟಕ್ಕೆ ತಲೆಗೆ 350ರಂತೆ 4,200. ಇಬ್ಬರು ಮಾರ್ಗದರ್ಶಿಗಳಿಗೆ 1,800. ಸುರಂಗದ ಮನೆಯವರಿಗೆ 800. ಐದು ಕಲಾವಿದರಿಗೆ 900ರಂತೆ 4,500. ಜೀಪಿಗೆ 1,800. ಶುಚಿತ್ವಕ್ಕೆ 300. ವಿಮೆ, ಫೋನು, ಕಾಗದಕ್ಕೆ 400. ಉಳಿದ 600 ಸಂಘದ ನಿಧಿಗೆ.

ಈಗ ಆರೇ ಜನ ಬಂದರು ಎನ್ನಿ. ಬರುವುದು 7,200. ಮಾರ್ಗದರ್ಶಿ ಒಬ್ಬರೇ ಸಾಕು, ಊಟ 2,100ಕ್ಕೆ ಇಳಿಯಿತು, ಉಳಿದದ್ದು ಯಾವುದೂ ಇಳಿಯುವುದಿಲ್ಲ. ಖರ್ಚು 10,800, ಕೈಯಿಂದ 3,600 ಹೋಯಿತು. ಈ ಲೆಕ್ಕದಲ್ಲಿ ಒಬ್ಬ ಮಾರ್ಗದರ್ಶಿಯನ್ನೇ ಇಟ್ಟುಕೊಂಡರೂ 11 ಜನಕ್ಕಿಂತ ಕಡಿಮೆಯಿದ್ದರೆ ನಷ್ಟ. ಹೆಚ್ಚಿನ ಕಡೆ ಮೊದಲ ವರ್ಷವೇ ಉತ್ಸಾಹ ಇಳಿಯುವುದು ಇಲ್ಲಿ: ನಷ್ಟವನ್ನು ಸರಿದೂಗಿಸಲು ಕಲಾವಿದರ ಸಂಭಾವನೆ ಕಡಿತ ಮಾಡುತ್ತಾರೆ, ಮುಂದಿನ ಸಲ ಅವರು ಬರುವುದಿಲ್ಲ.

ಇದಕ್ಕೆ ಮದ್ದು, ಸಣ್ಣ ಗುಂಪಿಗೆ ಬೇರೆಯೇ ಕಾರ್ಯಕ್ರಮ. ಅತಿಥಿಗಳು ತಮ್ಮದೇ ಕಾರಿನಲ್ಲಿ ಬರಲಿ. ಭಾಗವತರು ಮತ್ತು ಮದ್ದಳೆಯವರು ಇಬ್ಬರೇ ಸೇರಿ ಹಾಡು, ತಾಳಗಳ ಪರಿಚಯ ಮಾಡಲಿ. ಆಗ ಊಟ ಬಿಟ್ಟು ಖರ್ಚು 4,200 ಮಾತ್ರ, ಐದು ಜನರಿದ್ದರೆ ಸರಿಹೋಗುತ್ತದೆ.

ಮುಂಗಡ ಅರ್ಧ, ಏಳು ದಿನ ಮೊದಲು. ತಿಂಗಳ ಕೊನೆಗೆ ಲೆಕ್ಕವನ್ನು ಎಲ್ಲರೂ ನೋಡುವಲ್ಲಿ ಅಂಟಿಸಿ. ಪೇಟೆಯ ಏಜೆಂಟರು ತಲೆಗೆ ಇಷ್ಟು ಎಂದು ಕಮಿಷನ್ ಕೇಳುತ್ತಾರೆ. ಶೇಕಡ 10ಕ್ಕಿಂತ ಮೇಲೆ ಹೋದರೆ ಬೇಡವೆನ್ನಿ, ಯಾಕೆಂದರೆ ಮೇಲಿನ ಲೆಕ್ಕದಲ್ಲಿ ಅದನ್ನು ಕೊಡಲು ಜಾಗವೇ ಇಲ್ಲ; 10 ಕೊಡುವುದಿದ್ದರೂ ದರಕ್ಕೆ ಸೇರಿಸಿಯೇ ಕೊಡಬೇಕು.

ಹಂತ 9: ಹೇಳುವ ಮಾತು

ಮಾರ್ಗದರ್ಶಿಗೆ ಕನ್ನಡ, ತುಳು, ಮಲಯಾಳ ಬಂದರೆ ಸಾಕು, ಇಂಗ್ಲಿಷಿಗೆ ಕಾಲೇಜಿನ ಮಕ್ಕಳು ಸಿಗುತ್ತಾರೆ. ಒಂದು ತಾಣಕ್ಕೆ ಏಳು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ಐತಿಹ್ಯವನ್ನು "ಹೀಗೆ ಹೇಳುತ್ತಾರೆ" ಎಂದೂ ಇತಿಹಾಸವನ್ನು ಇತಿಹಾಸವೆಂದೂ ಬೇರ್ಪಡಿಸಿ ಹೇಳಲಿ. ಮಧೂರಿನಲ್ಲಿ ಟಿಪ್ಪುವಿನ ಕತ್ತಿಯ ಗುರುತು ಎಂಬುದು ಮೊದಲನೆಯ ಜಾತಿ. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 17ನೇ ಶತಮಾನದ್ದು ಎಂಬುದು ಎರಡನೆಯದು. ಹಳೆಯ ಮಾಹಿತಿ ತಿದ್ದಿಕೊಳ್ಳುತ್ತಿರಿ. ಅನಂತಪುರದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿತು. ಇವತ್ತಿಗೂ ಬಬಿಯಾನನ್ನು ತೋರಿಸುತ್ತೇವೆ ಎಂದು ಬರೆದುಕೊಂಡವರಿದ್ದಾರೆ.

ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು ಎಂಬಂಥ ನಿಯಮಗಳನ್ನು ಬುಕಿಂಗ್ ಸಮಯದಲ್ಲೇ ತಿಳಿಸಿ, ಬಾಗಿಲಲ್ಲಿ ನಿಲ್ಲಿಸಿ ಹೇಳಬೇಡಿ. ಬೋರ್ಡುಗಳಲ್ಲಿ ಊರಿನ ಹೆಸರು ಕನ್ನಡ, ಮಲಯಾಳ ಎರಡರಲ್ಲೂ ಊರವರು ಕರೆಯುವ ಹಾಗೆಯೇ ಇರಲಿ. ಮೊಬೈಲಿನ ನಕ್ಷೆಯಲ್ಲಿ ತಪ್ಪಿದ್ದರೆ ತಿದ್ದುಪಡಿ ಕಳಿಸಿ. ಸುರಂಗದ ಮನೆಗಳ ಜಾಗವನ್ನು ಮಾತ್ರ ನಕ್ಷೆಗೆ ಹಾಕಬೇಡಿ. ಹಾಕಿದ ಮೇಲೆ ಭಾನುವಾರ ಹೇಳದೆ ಕೇಳದೆ ಬೈಕುಗಳು ಬಂದು ನಿಲ್ಲುತ್ತವೆ.

ಹಂತ 10: ಪರೀಕ್ಷೆ, ಆಮೇಲೆ ತಿದ್ದುಪಡಿ

ಮೊದಲ ಗುಂಪಾಗಿ ಪಕ್ಕದ ಊರಿನವರನ್ನೇ ಖರ್ಚಿನ ದರಕ್ಕೆ ಕರೆಯಿರಿ. ಅವರು ದಾಕ್ಷಿಣ್ಯವಿಲ್ಲದೆ ಹೇಳುತ್ತಾರೆ. ಒಬ್ಬರು ಗಡಿಯಾರ ಹಿಡಿದು ಪ್ರತಿಯೊಂದು ಕಡೆ ಎಷ್ಟು ಹೊತ್ತು ಹೋಯಿತೆಂದು ಬರೆಯಲಿ. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಸುರಂಗ ಮತ್ತು ಮದಕ, ಹನ್ನೆರಡಕ್ಕೆ ಕಸುಬು, ಒಂದಕ್ಕೆ ಊಟ, ಎರಡೂವರೆಗೆ ತಾಳಮದ್ದಳೆ, ನಾಲ್ಕಕ್ಕೆ ಚಾ ಎಂದು ಕಾಗದದಲ್ಲಿ ಬರೆದದ್ದು ಊಟದ ಹೊತ್ತಿಗೇ ಮುಕ್ಕಾಲು ಗಂಟೆ ತಡವಾಗಿರುತ್ತದೆ. ಆಗ ಒಂದು ತಾಣ ಕೈಬಿಡಿ, ಊಟ ಅವಸರ ಮಾಡಬೇಡಿ.

ಪ್ರತಿ ಐದು ಭೇಟಿಗೊಮ್ಮೆ ಸಭೆ ಕೂಡಿ ಅತಿಥಿಗಳನ್ನಲ್ಲ, ಮನೆಯವರನ್ನು ಕೇಳಿ: ನೀರು ಸಾಕಾಯಿತೇ, ಕೇಳದೆ ಯಾರಾದರೂ ಫೋಟೋ ತೆಗೆದರೇ, ಹಣ ಸಮಯಕ್ಕೆ ಕೈಸೇರಿತೇ, ಇನ್ನೊಮ್ಮೆ ಮಾಡುವಿರಾ. ಯಾವುದಾದರೂ ಮನೆ ಬೇಡವೆಂದರೆ ಕಾರಣ ಕೇಳಿ ಒತ್ತಾಯಿಸದೆ ಪಟ್ಟಿಯಿಂದ ತೆಗೆಯಿರಿ. ಪರ್ಯಾಯವಾಗಿ ಇನ್ನೊಂದು ಮನೆ ಸಿದ್ಧವಾಗುವವರೆಗೆ ಹೊಸ ಬುಕಿಂಗ್ ತೆಗೆದುಕೊಳ್ಳಬೇಡಿ. ಏಪ್ರಿಲ್ ಒಂದರಿಂದ ಭೇಟಿ ಬಂದ್, ಆ ತಿಂಗಳು ವರ್ಷದ ಲೆಕ್ಕಪತ್ರ ಮುಗಿಸಿ, ಮಾರ್ಚಿನಲ್ಲಿ ಅಳೆದ ನೀರಿನ ಅಂಕಿಯನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿ ಬರೆದಿಡಿ. ಕಡಿಮೆಯಾಗಿದ್ದರೆ ಮುಂದಿನ ವರ್ಷದ ಅತಿಥಿಗಳ ಸಂಖ್ಯೆಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿ.